ಪ್ರಶ್ನೆ ಕೇಳಲು ಫೀಸು ಕಟ್ಟಿದ ದೊಡ್ಡಮ್ಮ

ಪ್ರಶ್ನೆ ಕೇಳುವುದು ಹೇಗೆಂದು ಕಲಿಯಲು ಫೀಸು ಕಟ್ಟಿದವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವಳು ನನ್ನ ದೊಡ್ಡಮ್ಮ, ನಮ್ಮಮ್ಮನ ಒಡಹುಟ್ಟಿದ ಅಕ್ಕ. ನಮ್ಮ ನೆಂಟರಿಷ್ಟರಲ್ಲಿ ಪ್ರಶ್ನೆ ಕೇಳುವುದು ಹುಟ್ಟಿನಿಂದಲೇ ಬರುವ ವಿದ್ಯೆ. ಸಂಬಳ ಎಷ್ಟು, ಮದುವೆ ಯಾವಾಗ, ಮದುವೆಯಾಗಿದ್ದರೆ ಮಗು ಯಾವಾಗ, ಮಗುವಾಗಿದ್ದರೆ ಇನ್ನೊಂದು ಯಾವಾಗ, ಇವನ್ನೆಲ್ಲ ಕೇಳುವುದಕ್ಕೆ ಯಾರೂ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅಂಥ ವಂಶದಲ್ಲಿ ಹುಟ್ಟಿದ ಹೆಂಗಸು ಕೈಯಿಂದ ದುಡ್ಡು ಕೊಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ, ಇದಕ್ಕಾಗಿ ಸ್ನಾತಕೋತ್ತರ ತರಗತಿಗೆ ಸೇರಿದಳು ಎಂದರೆ ನಮ್ಮವರು ಏನೆಂದುಕೊಂಡಿರಬೇಡ! ನಮ್ಮಮ್ಮ ದಾವಣಗೆರೆಯಿಂದ ಫೋನು ಮಾಡಿ, ಅಕ್ಕನ ತಲೆ ನೆಟ್ಟಗಿದೆಯಾ ಎಂದು ನನ್ನನ್ನು ಗುಟ್ಟಾಗಿ ವಿಚಾರಿಸಿದಳು.

ದೊಡ್ಡಮ್ಮ ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕರಿಮಣಿ. ಅವಳು ಮೈದಾನದಲ್ಲಿ ‘ಸಾವಧಾನ್’ ಎಂದರೆ ಕಾಂಪೌಂಡಿನಾಚೆ ಬಸ್ಸಿಗೆ ಕಾಯುತ್ತಿದ್ದವರೂ ನೆಟ್ಟಗೆ ನಿಲ್ಲುತ್ತಿದ್ದರಂತೆ. ಮನೆಗೆ ಬಂದರೂ ಮೈದಾನ ಅವಳನ್ನು ಬಿಡುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಹೋದರೆ ಮೇಸ್ತ್ರಿಗೆ ಬುದ್ಧಿ ಹೇಳುತ್ತಿದ್ದಳು, ಆಸ್ಪತ್ರೆಗೆ ಹೋದರೆ ಪಕ್ಕದ ಮಂಚದ ರೋಗಿಗೂ ವ್ಯಾಯಾಮ ಹೇಳಿಕೊಡುತ್ತಿದ್ದಳು. ಒಂದು ಸಾವಿನ ಮನೆಯಲ್ಲಿ ಹೂ ಹಾಕಲು ಬಂದವರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದವಳು ಅವಳು. ಆಮೇಲೆ ಕೆಲಸ ಬೇಗ ಮುಗಿಯಿತೆಂದು ಆ ಮನೆಯವರೇ ಮೆಚ್ಚಿಕೊಂಡರು ಎನ್ನುವುದು ಬೇರೆ ವಿಷಯ.

ಇಂಥವಳನ್ನು ಕೈಚೆಲ್ಲುವಂತೆ ಮಾಡಿದ್ದು ನಮ್ಮ ದೊಡ್ಡಪ್ಪ. ಅದೂ ಏನನ್ನೂ ಹೇಳದೆ.

ದೊಡ್ಡಪ್ಪ ಹೊಸೂರು ರಸ್ತೆಯ ಕಡೆ ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ಆ ಕಾರ್ಖಾನೆ ಮುಚ್ಚಿತು. ಎಲ್ಲರಿಗೂ ವಿ.ಆರ್.ಎಸ್. ಕೊಟ್ಟು, ಶಾಲು ಹೊದಿಸಿ ಕಳಿಸಿದರು. ದೊಡ್ಡಪ್ಪ ಮನೆಗೆ ಬಂದು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರು. ಕೂತವರು ಮೆಲ್ಲಗೆ ಮಾತು ಕಡಿಮೆ ಮಾಡುತ್ತಾ ಬಂದು ಒಂದು ದಿನ ಪೂರ್ತಿ ನಿಲ್ಲಿಸಿಯೇ ಬಿಟ್ಟರು. ಕೋಪವೇನೂ ಇಲ್ಲ. ಹೇಳಿದ್ದಕ್ಕೆ ‘ಹ್ಞೂಂ’, ಬೇಡದ್ದಕ್ಕೆ ‘ಉಹುಂ’, ಮುಗಿಯಿತು. ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಬಿ.ಪಿ. ನೋಡಿದರು, ಎಲ್ಲ ಸರಿಯಿದೆ, ಅವರಿಗೆ ಮಾತಾಡುವ ಮನಸ್ಸಿಲ್ಲ ಅಷ್ಟೆ ಎಂದರು. ಮನಸ್ಸಿಗೆ ಮಾತ್ರೆ ಬರೆಯಿರಿ ಎಂದು ದೊಡ್ಡಮ್ಮ ಪಟ್ಟು ಹಿಡಿದಳು, ಬರೆದ ಮಾತ್ರೆಯಿಂದ ದೊಡ್ಡಪ್ಪನಿಗೆ ನಿದ್ದೆ ಬಂತೇ ಹೊರತು ಮಾತು ಬರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ. ಒಬ್ಬಳು ಮಾತಾಡುತ್ತಲೇ ಇದ್ದಳು, ಇನ್ನೊಬ್ಬರು ಕನಕಪುರ ರಸ್ತೆಯ ಬಸ್ಸುಗಳನ್ನು ನೋಡುತ್ತಾ ಕೂತಿದ್ದರು. ಇದು ವರ್ಷಗಟ್ಟಲೆ ನಡೆಯಿತು.

ದೊಡ್ಡಮ್ಮ ನಿವೃತ್ತಿಯಾದ ವರ್ಷ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಯಾವುದೋ ಹೊರದೇಶದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಜಯನಗರದಲ್ಲೇ ಭಾನುವಾರ ಬೆಳಗಿನ ತರಗತಿ, ಕೋಚಿಂಗ್ ಸೈಕಾಲಜಿಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ, ಯಾವುದೇ ಪದವಿ ಸಾಕು, ವಯಸ್ಸಿನ ಮಿತಿಯಿಲ್ಲ. ಎದುರಿಗಿರುವವರು ತಾವಾಗಿಯೇ ಮಾತಾಡುವಂತೆ ಮಾಡುವ ಶಾಸ್ತ್ರ ಎಂದು ಕೆಳಗೆ ಬರೆದಿತ್ತಂತೆ. ಆ ಒಂದು ಸಾಲು ಅವಳಿಗೆ ನಾಟಿತು.

“ನಿಮ್ಮ ದೊಡ್ಡಪ್ಪನ್ನ ಮಾತಾಡಿಸೋದು ಹೇಗೆ ಅಂತ ಕಲ್ಕೊಂಡೇ ಬರ್ತೀನಿ ನೋಡು,” ಎಂದು ನನಗೆ ಹೇಳಿದಳು. ದೊಡ್ಡಪ್ಪನ ಎದುರಿಗೇ ಹೇಳಿದಳು. ಅವರು ಹ್ಞೂಂ ಎಂದರು.

ಆಗ ನಾನು ಬಿ.ಟಿ.ಎಂ. ಲೇಔಟಿನ ಒಂದು ಕೊರಿಯರ್ ಕಂಪೆನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾ, ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಹಂಚಿಕೊಂಡಿದ್ದೆ. ಭಾನುವಾರ ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲಿ. ಮನೆ ಇದ್ದದ್ದು ಜರಗನಹಳ್ಳಿಯಲ್ಲಿ, ವಿಳಾಸ ಬರೆಯುವಾಗ ಮಾತ್ರ ಜೆ.ಪಿ. ನಗರ. ಮೊದಮೊದಲು ಅವರೆಕಾಳಿನ ಹುಳಿಯ ಆಸೆಗೆ ಹೋಗುತ್ತಿದ್ದ ನಾನು, ಆಮೇಲೆ ಈ ಶಾಸ್ತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡೋಣವೆಂಬ ಕುತೂಹಲಕ್ಕೆ ಹೋಗತೊಡಗಿದೆ. ತರಗತಿಯಿಂದ ಅವಳು, ರೂಮಿನಿಂದ ನಾನು, ಇಬ್ಬರೂ ಒಂದೇ ಹೊತ್ತಿಗೆ ಗೇಟು ತೆರೆಯುತ್ತಿದ್ದೆವು.

ಮೊದಲ ಎಡವಟ್ಟು ಆದದ್ದು ‘ಕೋಚಿಂಗ್’ ಎಂಬ ಮಾತಿನಿಂದ. ಬೆಂಗಳೂರಿನ ನಮ್ಮ ಕಡೆ ಕೋಚಿಂಗ್ ಎಂದರೆ ಏನು? ಸಿ.ಇ.ಟಿ.! ಪಕ್ಕದ ಮನೆಯ ಆಂಟಿ ಪಿ.ಯು.ಸಿ. ಓದುವ ಮಗಳನ್ನು ಕರೆದುಕೊಂಡು ಬಂದು, ಫಿಸಿಕ್ಸ್ ಒಂದು ಹೇಳಿಕೊಟ್ಟುಬಿಡಿ ಮೇಡಂ, ಕೆಮಿಸ್ಟ್ರಿಗೆ ಬೇರೆ ಕಡೆ ಹಾಕಿದ್ದೀವಿ ಎಂದರು. ದೊಡ್ಡಮ್ಮನಿಗೆ ಅಭ್ಯಾಸಕ್ಕೆ ಒಂದು ಜೀವ ಬೇಕಾಗಿತ್ತು. ಹುಡುಗಿಯನ್ನು ಒಳಗೆ ಕೂರಿಸಿಕೊಂಡು, ಹಿಂದಿನ ವಾರವಷ್ಟೇ ಕಲಿತ ಪ್ರಶ್ನೆಯನ್ನು ಬಿಸಿಬಿಸಿಯಾಗಿ ಕೇಳಿದಳು: ನಿನಗೆ ನಿಜವಾಗಿ ಏನು ಬೇಕು? ಆ ಹುಡುಗಿಯನ್ನು ಹುಟ್ಟಿದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಗಾಬರಿಯಾಗಿ ಮನೆಗೆ ಹೋಗಿ ಯೋಚನೆ ಮಾಡಿ, ತನಗೆ ಫಿಸಿಕ್ಸೂ ಬೇಡ, ಕೆಮಿಸ್ಟ್ರಿಯೂ ಬೇಡ, ಬಿ.ಎ. ಓದುತ್ತೇನೆ ಎಂದು ಹೇಳಿದಳು. ಅವತ್ತಿನಿಂದ ಆ ಮನೆಯ ಹಿತ್ತಲಿನ ಕರಿಬೇವು ನಮಗೆ ಸಿಗುವುದು ನಿಂತಿತು.

ತರಗತಿಯ ಸುದ್ದಿಗಳನ್ನು ಕೇಳುವುದೇ ಒಂದು ಹಬ್ಬ. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಟೈ ಕಟ್ಟಿದ ಕಂಪೆನಿ ಮ್ಯಾನೇಜರುಗಳು. ನಡುವೆ ಮೊದಲ ಬೆಂಚಿನಲ್ಲಿ ಕ್ಯಾನ್ವಾಸ್ ಶೂ ಹಾಕಿದ ದೊಡ್ಡಮ್ಮ. ಪಾಠ ಮಾಡುವ ಮೇಷ್ಟ್ರು ಮೈಸೂರಿನ ಕಡೆಯವರು, ಮೆಲುದನಿಯ ಯುವಕ. ಅವರು ಮೊದಲ ದಿನವೇ ಹಲಗೆಯ ಮೇಲೆ ಬರೆದದ್ದು, ಕೋಚ್ ಆದವನು ಸಲಹೆ ಕೊಡಬಾರದು ಎಂದು. ದೊಡ್ಡಮ್ಮ ಎದ್ದು ನಿಂತು, ಸಲಹೆ ಕೊಡದ ಕೋಚಿಗೆ ಸಂಬಳ ಯಾಕೆ ಕೊಡಬೇಕು ಸಾರ್ ಎಂದು ಕೇಳಿದಳಂತೆ. ಎದುರಿಗಿರುವವರೇ ತಮ್ಮ ದಾರಿ ಕಂಡುಕೊಳ್ಳಬೇಕು, ನಾವು ಕೇಳಬೇಕು, ಕೇಳಿ ಸುಮ್ಮನಿರಬೇಕು ಎಂದರಂತೆ ಅವರು. ‘ಕೇಳುವುದು’ ಎಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು, ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇರುವುದು ನಮ್ಮ ಪುಣ್ಯ ಎಂದೂ ಹೇಳಿದರಂತೆ. ದೊಡ್ಡಮ್ಮ ಆ ಪುಣ್ಯದ ಅರ್ಧ ಭಾಗವನ್ನು ಮಾತ್ರ ಮನೆಗೆ ತಂದಳು.

“ಸುಮ್ನಿರೋದಕ್ಕೂ ಮಾರ್ಕ್ಸ್ ಇದೆ ಕಣೆ!” ಎಂದು ಅವಳು ಹೇಳಿದಾಗ ಅವಳ ಮುಖದಲ್ಲಿ ಇದ್ದದ್ದು ಶುದ್ಧ ಅಚ್ಚರಿ.

ಅಭ್ಯಾಸ ಬೀದಿಗೂ ಇಳಿಯಿತು. ತಳ್ಳುಗಾಡಿಯ ತರಕಾರಿಯವನನ್ನು, ಈ ಟೊಮೇಟೊ ರೇಟಿನ ಬಗ್ಗೆ ನಿಮಗೆ ಏನನ್ನಿಸುತ್ತೆ ಎಂದು ಕೇಳಿದಳು. ಕಮ್ಮಿ ಆಯ್ತು ಅನ್ನಿಸುತ್ತೆ ಅಕ್ಕಾ ಎಂದು ಅವನು ಅಲ್ಲೇ ರೇಟು ಏರಿಸಿದ. ಇನ್ನೊಂದು ದಿನ ನಾವಿಬ್ಬರೂ ಜಯನಗರದ ಕಾಂಪ್ಲೆಕ್ಸಿನ ಮುಂದೆ ಆಟೋ ಹಿಡಿಯುತ್ತಿದ್ದಾಗ, ಒಬ್ಬ ಚಾಲಕ ಜರಗನಹಳ್ಳಿಗೆ ಬರೋದಿಲ್ಲ ಎಂದ. ದೊಡ್ಡಮ್ಮ ದಬಾಯಿಸುವ ಬದಲು ಬಾಗಿ, ಮತ್ತೆ ನಿಮಗೆ ಎಲ್ಲಿಗೆ ಹೋಗೋಕೆ ಇಷ್ಟ ಎಂದು ಪ್ರೀತಿಯಿಂದ ವಿಚಾರಿಸಿದಳು. ತಿಲಕ್ ನಗರ ಮೇಡಂ, ಮನೆಗೆ, ಊಟದ ಟೈಮು ಎಂದು ಹೇಳಿ ಅವನು ಹೊರಟೇಹೋದ. ಅವನು ಮಾತ್ರ ತನ್ನ ದಾರಿಯನ್ನು ತಾನೇ ಕಂಡುಕೊಂಡಿದ್ದ, ನಾವು ಬಿಸಿಲಲ್ಲಿ ನಿಂತಿದ್ದೆವು.

ಇಷ್ಟರವರೆಗೆ ತಮಾಷೆ. ಕಷ್ಟ ಶುರುವಾದದ್ದು ಅಸೈನ್‌ಮೆಂಟಿನಿಂದ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಒಂದೇ ಒಂದು ಸಲಹೆಯನ್ನೂ ಕೊಡದೆ ಬರೀ ಪ್ರಶ್ನೆಗಳಿಂದ ಮಾತಾಡಿಸಿ, ಅದನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಒಪ್ಪಿಸಬೇಕು. ಅದು ಸರಿಹೋಗದಿದ್ದರೆ ಡಿಪ್ಲೊಮಾ ಇಲ್ಲ. ದೊಡ್ಡಪ್ಪನ ಮೇಲೆ ಪ್ರಯೋಗ ಮಾಡಿದರೆ ಕ್ಯಾಸೆಟ್ಟಿನ ತುಂಬಾ ಬಸ್ಸಿನ ಸದ್ದು ಮಾತ್ರ ಬಂತು. ಹಾಗಾಗಿ ಬಲಿಪಶು ನಾನಾದೆ. ನಿಜವಾದ ಸಮಸ್ಯೆಯನ್ನೇ ಹೇಳಬೇಕು ಎಂದಳು. ನನಗೆ ಇದ್ದ ನಿಜವಾದ ಸಮಸ್ಯೆ ಒಂದೇ, ಬೆಳಗ್ಗೆ ಏಳಲಾಗುವುದಿಲ್ಲ. ಅದನ್ನೇ ಹೇಳಿದೆ.

“ರಾತ್ರಿ ಬೇಗ ಮಲಗ್ಬಾರ್ದಾ?”

“ರೂಮಲ್ಲಿ ಹುಡುಗೀರು ಟಿ.ವಿ. ಹಾಕಿರ್ತಾರೆ ದೊಡ್ಡಮ್ಮ.”

“ಆಫ್ ಮಾಡಿ ಅಂತ ಹೇಳ್ಬಾರ್ದಾ?”

“ಹೇಳಿದ್ರೆ ಮುಖ ಊದಿಸ್ಕೋತಾರೆ.”

“ರೂಮ್ ಬದಲಾಯಿಸ್ಬಾರ್ದಾ? ನಮ್ಮನೇಗೇ ಬಂದ್ಬಿಡಬಾರ್ದಾ?”

ಐದೇ ನಿಮಿಷದಲ್ಲಿ ನನ್ನನ್ನು ಗಂಟುಮೂಟೆ ಕಟ್ಟಿಸಿ ಬಿ.ಟಿ.ಎಂ.ನಿಂದ ಜರಗನಹಳ್ಳಿಗೆ ಸಾಗಿಸಿದ್ದಳು! ಕ್ಯಾಸೆಟ್ಟು ವಾಪಸು ಬಂತು. ‘ಬಾರ್ದಾ’ ಅಂತ ಸೇರಿಸಿದ ಮಾತ್ರಕ್ಕೆ ಅದು ಪ್ರಶ್ನೆ ಆಗುವುದಿಲ್ಲ ಮೇಡಂ, ಅದು ಅಪ್ಪಣೆಯೇ ಎಂದರಂತೆ ಮೇಷ್ಟ್ರು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ ಸಾರ್ ಎಂದು ದೊಡ್ಡಮ್ಮ ವಾದಿಸಿದಳು. ಕ್ಯಾಸೆಟ್ಟಿನ ಜೊತೆಗೆ ಕೊಡಬೇಕಾಗಿದ್ದ ಇಂಗ್ಲಿಷ್ ತರ್ಜುಮೆಯಲ್ಲಿ ಆ ‘ಬಾರ್ದಾ’ಗಳೆಲ್ಲ ಸಾಧು ಹಸುಗಳಂತೆ ಕಾಣುತ್ತಿದ್ದವು. ಹೊರದೇಶದವರಾಗಿದ್ದರೆ ಪಾಸು ಮಾಡಿಬಿಡುತ್ತಿದ್ದರೇನೋ. ಮೈಸೂರಿನವರ ಕಣ್ಣಿಗೆ ಕೊಂಬು ಕಾಣದೆ ಇರುತ್ತದೆಯೇ?

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ನಾವು ಕೇಳುವ ಪ್ರಶ್ನೆಗಳಲ್ಲಿ ಉತ್ತರ ಬೇಕಾಗಿರುವುದು ಎಷ್ಟು? ಕಿವಿ ತೆರೆದುಕೊಂಡು ಓಡಾಡಿದೆ. ಆಫೀಸಿನ ಸಾಹೇಬರು ‘ಈಗ ಬರ್ತಿದ್ದೀರಾ?’ ಎಂದರೆ ಅದು ಬೈಗುಳ. ಮನೆ ಓನರ್ ಆಂಟಿ ‘ನಲ್ಲಿ ನಿಲ್ಲಿಸಿದ್ರಾ?’ ಎಂದರೆ ಅದು ಎಚ್ಚರಿಕೆ. ಕಂಡಕ್ಟರು ‘ಚಿಲ್ಲರೆ ಇಲ್ವಾ?’ ಎಂದರೆ ಕೆಳಗಿಳಿ ಎಂದರ್ಥ. ‘ಬುದ್ಧಿ ಇದ್ಯಾ?’ ಎಂದು ಕೇಳುವವರು ಯಾರೂ ನಮ್ಮ ಬುದ್ಧಿಯ ಲೆಕ್ಕ ತೆಗೆದುಕೊಳ್ಳಲು ಬಂದವರಲ್ಲ. ಬಿ.ಟಿ.ಎಂ.ನಿಂದ ಬನಶಂಕರಿಯವರೆಗೆ ಬಸ್ಸಿನಲ್ಲಿ ಕೂತು ಕೇಳಿಸಿಕೊಂಡರೂ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ ನನಗೆ ಸಿಕ್ಕಿದ್ದು ಒಂದೇ: ‘ಬನಶಂಕರಿ ಬಂತಾ?’

ದೊಡ್ಡಮ್ಮ ಮನೆಯಲ್ಲಿ ‘ಬಾರ್ದಾ’ ಎಂಬ ಪದಕ್ಕೆ ನಿಷೇಧ ಹೇರಿದಳು. ನಾಲಿಗೆ ಬೇರೆ ದಾರಿ ಹುಡುಕಿತು. ಎರಡನೆಯ ಕ್ಯಾಸೆಟ್ಟಿನಲ್ಲಿ ‘ಬಾರ್ದಾ’ ಒಂದೂ ಇರಲಿಲ್ಲ. ಬದಲಿಗೆ, ‘ಬೇಗ ಮಲಗಿದ್ರೆ ನಿನ್ನ ಗಂಟೇನ್ ಹೋಗುತ್ತೆ?’ ಎಂದಿತ್ತು. ಅದೂ ವಾಪಸು ಬಂತು. ಇನ್ನೊಂದೇ ಅವಕಾಶ ಎಂದು ಮೇಷ್ಟ್ರು ಹೇಳಿಕಳಿಸಿದರು.

ಆ ದಿನ ಅವಳು ಮೊದಲ ಬಾರಿಗೆ ಸೋತವಳಂತೆ ಊಟಕ್ಕೆ ಕೂತಳು. ಡಿಪ್ಲೊಮಾ ಹೋದರೆ ಹೋಗಲಿ, ನಿನ್ನಂಥ ಮಾತಿನ ಮಲ್ಲಿಯ ಹತ್ತಿರವೇ ನನಗೆ ಆಗುತ್ತಿಲ್ಲ, ಇವರ ಹತ್ತಿರ ಹೇಗೆ ಆಗುತ್ತೆ ಎಂದಳು. ದೊಡ್ಡಪ್ಪ ತಟ್ಟೆ ನೋಡುತ್ತಾ ಉಣ್ಣುತ್ತಿದ್ದರು. ವಾಕಿಂಗ್ ಹೋಗಿ, ಚೆಸ್ ಆಡಿ, ಹಳೇ ಸ್ನೇಹಿತರಿಗೆ ಫೋನು ಮಾಡಿ, ದೇವಸ್ಥಾನದ ಕಮಿಟಿ ಸೇರಿ ಎಂದು ಇಷ್ಟು ವರ್ಷ ಅವಳು ಅವರ ಮುಂದೆ ಗುಡ್ಡೆ ಹಾಕಿದ ಮಾತುಗಳೆಲ್ಲ ನನಗೆ ನೆನಪಾದವು. ಅದಕ್ಕೆಲ್ಲ ‘ಹ್ಞೂಂ’ ಎನ್ನುವುದನ್ನು ಬಿಟ್ಟು ಮನುಷ್ಯ ಬೇರೆ ಏನು ಹೇಳಲು ಸಾಧ್ಯ ಎಂದು ಅವತ್ತು ನನಗೆ ಅನ್ನಿಸಿತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಯ ರೆಕಾರ್ಡಿಂಗಿನ ದಿನ ದೊಡ್ಡಮ್ಮ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಕೂತಳು. ಸಲಹೆ ಗಂಟಲಿಗೆ ಬಂದಾಗಲೆಲ್ಲ ಲವಂಗ ಕಚ್ಚುವುದು ಅವಳ ಉಪಾಯ. ನಾವು ಹಾಲಿನಲ್ಲಿ, ಟೇಪ್ ರೆಕಾರ್ಡರು ನಡುವೆ ಸ್ಟೂಲಿನ ಮೇಲೆ, ವರಾಂಡದ ಬಾಗಿಲು ಸೆಖೆಗೆಂದು ತೆರೆದಿತ್ತು. ಆಚೆ ದೊಡ್ಡಪ್ಪ ತಮ್ಮ ಕುರ್ಚಿಯಲ್ಲಿದ್ದರು. ನಾನು ನನ್ನ ಹಳೇ ಗೋಳನ್ನು ಹೇಳಿದೆ. ದೊಡ್ಡಮ್ಮನ ದವಡೆ ಆಡಿತು, ಲವಂಗ ಕಟ್ ಎಂದಿತು. ಅಪರಿಚಿತವೆನ್ನಿಸುವಷ್ಟು ಮೆಲ್ಲಗಿನ ದನಿಯಲ್ಲಿ ಕೇಳಿದಳು.

“ಬೆಳಗ್ಗೆ ಎಚ್ಚರ ಆದಾಗ ಹೇಗನ್ನಿಸುತ್ತೆ?”

ನಾನು ತಬ್ಬಿಬ್ಬಾದೆ. ಹೇಗನ್ನಿಸುತ್ತದೆ? ಯಾವತ್ತೂ ಯೋಚಿಸಿರಲಿಲ್ಲ. ಉತ್ತರ ಹುಡುಕುತ್ತಾ ಕೂತೆ. ಅವಳೂ ಕಾದಳು. ಟೇಪು ತಿರುಗುತ್ತಿತ್ತು. ಆಗ ವರಾಂಡದಿಂದ ಒಂದು ದನಿ ಬಂತು. ಅದು ಯಾರದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಅಪರೂಪವಾಗಿತ್ತು ಅದು.

“ಎದ್ದು ಏನ್ ಮಾಡೋದು ಅನ್ನಿಸುತ್ತೆ.”

ದೊಡ್ಡಪ್ಪ ರಸ್ತೆಯ ಕಡೆಗೇ ನೋಡುತ್ತಾ ಮುಂದುವರಿಸಿದರು.

“ಫಸ್ಟ್ ಶಿಫ್ಟಿನ ಹೊತ್ತಿಗೆ ಈಗ್ಲೂ ಎಚ್ಚರ ಆಗ್ಬಿಡುತ್ತೆ. ಎದ್ದು ಕೂತ್ಕೋತೀನಿ. ಕಾಲು ತಾನಾಗೇ ಮಂಚದ ಕೆಳಗೆ ಬೂಟು ಹುಡುಕುತ್ತೆ. ಆಮೇಲೆ ನೆನಪಾಗುತ್ತೆ.”

ದೊಡ್ಡಮ್ಮನ ತುಟಿ ತೆರೆಯಿತು. ‘ಬಾರ್ದಾ’ ಎಂಬುದು ಅಲ್ಲಿಯವರೆಗೂ ಬಂದು ನಿಂತಿರುವುದು ನನಗೆ ಕಂಡಿತು. ಅಯ್ಯೋ, ಬೇಡ ದೊಡ್ಡಮ್ಮ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವಳು ತುಟಿ ಮುಚ್ಚಿದಳು. ಕೈ ಚಾಚಿ ಟೇಪ್ ರೆಕಾರ್ಡರನ್ನು ಆಫ್ ಮಾಡಿದಳು. ಇಂಥ ಉತ್ತರ ಇಡೀ ತರಗತಿಯಲ್ಲಿ ಯಾರಿಗೂ ಸಿಕ್ಕಿರಲಾರದು, ಆಫ್ ಯಾಕೆ ಎಂದು ನಾನು ಕೈಸನ್ನೆ ಮಾಡಿದೆ.

“ಇದು ಮಾರ್ಕ್ಸಿಗಲ್ಲ ಕಣೆ,” ಎಂದು ಪಿಸುಗುಟ್ಟಿದಳು. ಅವಳಿಗೆ ಡಿಪ್ಲೊಮಾ ಬರಲಿಲ್ಲ. ಆ ಕ್ಯಾಸೆಟ್ಟನ್ನು ಅವಳು ಒಪ್ಪಿಸಲೂ ಇಲ್ಲ, ಇನ್ನೊಂದನ್ನು ಮಾಡಲೂ ಇಲ್ಲ.

ಅವಳು ಹೊರಗೆ ಹೋಗಿ ವರಾಂಡದ ಮೆಟ್ಟಿಲ ಮೇಲೆ ಕೂತಳು. ನಾನು ಕಾಫಿಯ ನೆವದಲ್ಲಿ ಅಡುಗೆಮನೆ ಸೇರಿಕೊಂಡೆ. ಅಲ್ಲಿಂದ ವರಾಂಡ ಕಾಣುತ್ತದೆ, ಮಾತೂ ಕೇಳುತ್ತದೆ. ನಾಚಿಕೆಯಿಲ್ಲದೆ ಕೇಳಿಸಿಕೊಂಡೆ. ದೊಡ್ಡಪ್ಪ ಕಾರ್ಖಾನೆಯ ಕೊನೆಯ ದಿನದ ಬಗ್ಗೆ ಹೇಳಿದರು. ಗುಜರಿಗೆ ಹೋಗುವ ಮೆಷಿನ್ನೆಂದು ಗೊತ್ತಿದ್ದರೂ ತಮ್ಮ ಲೇತನ್ನು ಒರೆಸಿ, ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ ಬಂದದ್ದನ್ನು ಹೇಳಿದರು. ಜೊತೆಗೆ ಕೆಲಸ ಮಾಡಿದವರು ಬಸ್ ಸ್ಟಾಪಿನಲ್ಲಿ ಕಂಡರೆ, ಈಗ ಏನ್ ಮಾಡ್ಕೊಂಡಿದ್ದೀಯಾ ಎಂದು ಕೇಳಿಬಿಡುತ್ತಾರೆಂದು ಗಾಡಿಗಳ ಮರೆಗೆ ಸರಿಯುತ್ತಿದ್ದದ್ದನ್ನು ಹೇಳಿದರು. ಮನೆಯಲ್ಲಿ ಎಲ್ಲಿ ಕೂತರೂ ಯಾವುದೋ ದಾರಿಗೆ ಅಡ್ಡ ಕೂತಿದ್ದೇನೆ ಅನ್ನಿಸುತ್ತದೆ ಎಂದರು. ಆ ಮಾತಿಗೆ ದೊಡ್ಡಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು, ಆದರೆ ಹಾಗೆಲ್ಲ ಅಂದುಕೊಳ್ಳಬೇಡಿ ಎಂದು ಹೇಳಲಿಲ್ಲ. ಅವರು ನಿಲ್ಲಿಸಿದಾಗಲೆಲ್ಲ ‘ಆಮೇಲೆ?’ ಎನ್ನುತ್ತಿದ್ದಳು. ಅಷ್ಟೇ.

ದೊಡ್ಡಪ್ಪ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದರು. ಶಾಸ್ತ್ರದ ಪ್ರಕಾರ ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ, ಯಾವ ತರಗತಿಗೂ ಹೋಗದ ದೊಡ್ಡಪ್ಪ ರಸ್ತೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು.

“ನಿನಗೆ ಹೇಗಿತ್ತು? ನಾನು ಹಿಂಗೆ ಕೂತಿದ್ದಷ್ಟು ದಿನ?”

ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸನ್ನು, ನಿನಗೆ ಹೇಗಿದೆ ಎಂದು ಯಾರು ತಾನೇ ಕೇಳಿದ್ದರು? ನಾನು ಕೇಳಿದ್ದೆನೇ, ನಮ್ಮಮ್ಮ ಕೇಳಿದ್ದಳೇ? ದೊಡ್ಡಮ್ಮ ಸೆರಗನ್ನು ಬಿಟ್ಟು ಅವರ ಕಡೆ ತಿರುಗಿದಳು.

“ಹೆದರಿಕೆ ಆಗ್ತಿತ್ತು ರೀ. ಒಂದಿನ ಹ್ಞೂಂ ಅನ್ನೋದನ್ನೂ ಬಿಟ್ಬಿಟ್ರೆ ನಾನೇನ್ ಮಾಡ್ಲಿ ಅಂತ. ಅದಕ್ಕೇ ಏನಾದ್ರೂ ಹೇಳ್ತಾನೇ ಇದ್ದೆ.”

ಹೇಳಿ ಅತ್ತಳು. ಸಣ್ಣ ಮಕ್ಕಳ ಹಾಗೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ದೊಡ್ಡಪ್ಪ ಕುರ್ಚಿಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಬಗ್ಗಿ, ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ನನ್ನ ಕಣ್ಣು ತುಂಬಿ ನನಗೆ ಏನೂ ಕಾಣುತ್ತಿರಲಿಲ್ಲ. ಅವರಿಬ್ಬರನ್ನು ನಾನು ಅಷ್ಟೊಂದು ಪ್ರೀತಿಸುತ್ತೇನೆಂದು ನನಗೆ ಗೊತ್ತಾದದ್ದು ಆಗಲೇ.